ತರಬೇತಿಗೆ ಹೆಸರು ಕೊಡುವ ಮುನ್ನ: ಆಪ್ತಸಮಾಲೋಚಕರಿಗೊಂದು ಹೋಲಿಕೆ

ಲೈಸೆನ್ಸ್ ನವೀಕರಣದ ದಿನ ಹತ್ತಿರ ಬಂದಾಗ ತರಬೇತಿ ಹುಡುಕುವ ರೀತಿಯೇ ಬೇರೆ. ನವೀಕರಣಕ್ಕೆ ತೋರಿಸಬೇಕಾದ ತರಬೇತಿಯಲ್ಲಿ ಇನ್ನೂ ಎಷ್ಟು ಗಂಟೆ ಬಾಕಿ ಇದೆ, ಯಾವ ಕೋರ್ಸ್ ಅದನ್ನು ಬೇಗ ತುಂಬಿಸುತ್ತದೆ, ಇಷ್ಟೇ ಲೆಕ್ಕ. ಎರಡು ವೆಬಿನಾರ್, ನೀತಿಸಂಹಿತೆಯ ಮೇಲೊಂದು ಆನ್‌ಲೈನ್ ಕೋರ್ಸ್, ಕೊನೆಗೆ ಸುಲಭದ ಕ್ವಿಜ್. ಸರ್ಟಿಫಿಕೇಟ್ ಇಳಿಸಿಕೊಂಡರೆ ಮುಗಿಯಿತು. ಕೆಲಸದ ಒತ್ತಡದಲ್ಲಿ ಹೀಗಾಗುವುದು ಸಹಜ. ಆದರೆ ಹಣವೂ ಹೋಗಿ, ರಜಾದಿನವೂ ಹೋಗಿ, ಎದುರಿಗೆ ಕೂತ ಕ್ಲೈಂಟ್‌ಗೆ ಅದರಿಂದ ಏನೂ ಸಿಗದಿದ್ದರೆ ಬೇಜಾರಾಗುತ್ತದೆ ಅಲ್ವಾ?

ಸಾಮಾನ್ಯವಾಗಿ ಎಲ್ಲರೂ ಕೇಳುವ ಪ್ರಶ್ನೆ "ಸಿಬಿಟಿ ಕಲಿಯಲೋ, ಇಎಂಡಿಆರ್ ಕಲಿಯಲೋ" ಅನ್ನುವುದು. ಸಿಬಿಟಿ ಅಂದರೆ ಯೋಚನೆ, ನಡವಳಿಕೆ ಬದಲಾಯಿಸಲು ಕಲಿಸುವ ಥೆರಪಿ; ಇಎಂಡಿಆರ್ ಅಂದರೆ ಕಣ್ಣು ಆಡಿಸುತ್ತ ಆಘಾತದ ನೆನಪನ್ನು ಎದುರಿಸುವ ಥೆರಪಿ. ನನ್ನ ಪ್ರಕಾರ ಯಾವ ಪದ್ಧತಿ ಅನ್ನುವುದು ಎರಡನೇ ಪ್ರಶ್ನೆ. ತರಬೇತಿ ಮುಗಿದ ಮೇಲೆ ನೀವು ಮಾಡುವ ಕೆಲಸವನ್ನು ಯಾರು ನೋಡುತ್ತಾರೆ, ಯಾರು ತಿದ್ದುತ್ತಾರೆ ಅನ್ನುವುದು ಮೊದಲನೆಯದು. ಈ ಬರಹ ಹೋಗುವುದೂ ಅದೇ ಕ್ರಮದಲ್ಲಿ.

ಗಂಟೆಗಳ ಲೆಕ್ಕ ಮೊದಲು ಮುಗಿಸಿಬಿಡೋಣ

ನಿಯಮಗಳು ದೇಶದಿಂದ ದೇಶಕ್ಕೆ, ಕೆಲವು ಕಡೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇರುವ ಕೌನ್ಸೆಲರ್‌ಗಳು 2 ವರ್ಷಕ್ಕೊಮ್ಮೆ 36 ಗಂಟೆ ತೋರಿಸಬೇಕು. ಅದರಲ್ಲಿ 6 ಗಂಟೆ ಕಾನೂನು ಮತ್ತು ನೀತಿಗೆ ಮೀಸಲು. ಅದೇ ದೇಶದ ಎನ್‌ಬಿಸಿಸಿ ಎಂಬ ಪ್ರಮಾಣೀಕರಣ ಮಂಡಳಿ 5 ವರ್ಷಕ್ಕೆ 100 ಗಂಟೆ ಕೇಳುತ್ತದೆ. ಬ್ರಿಟನ್‌ನಲ್ಲಿ ಮನಶ್ಶಾಸ್ತ್ರಜ್ಞರನ್ನು ನೋಂದಾಯಿಸುವ ಎಚ್‌ಸಿಪಿಸಿ ಗಂಟೆ ಎಣಿಸುವುದೇ ಇಲ್ಲ. ಏನು ಕಲಿತಿರಿ, ಅದರಿಂದ ನಿಮ್ಮ ಸೇವೆ ಪಡೆದವರಿಗೆ ಏನು ಲಾಭವಾಯಿತು ಅಂತ ಬರೆದಿಡಬೇಕು. ನವೀಕರಣದ ಹೊತ್ತಿಗೆ ಪ್ರತಿ ವೃತ್ತಿಯಲ್ಲಿ ಶೇ. 2.5ರಷ್ಟು ಜನರನ್ನು ಆರಿಸಿ ಆ ದಾಖಲೆ ತರಿಸಿ ನೋಡುತ್ತಾರೆ. ಅಲ್ಲಿನ ಕೌನ್ಸೆಲರ್‌ಗಳ ಸಂಘ ಬಿಎಸಿಪಿ, ತನ್ನ ಮಾನ್ಯತೆ ಪಡೆದ ಸದಸ್ಯರು ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ (ಪರಿಣತರೊಬ್ಬರ ಮುಂದೆ ತಮ್ಮ ಕೆಲಸ ಇಟ್ಟು ಚರ್ಚಿಸುವುದು) ಪಡೆಯಲೇಬೇಕು ಅನ್ನುತ್ತದೆ. ಎಷ್ಟೇ ವರ್ಷದ ಅನುಭವ ಇದ್ದರೂ ಇದರಿಂದ ವಿನಾಯಿತಿ ಇಲ್ಲ.

ಈ ಎರಡು ಪದ್ಧತಿಗಳಲ್ಲಿ ಬ್ರಿಟನ್ನಿನದು ನನಗೆ ಹೆಚ್ಚು ಹಿಡಿಸುತ್ತದೆ. ಗಂಟೆ ಎಣಿಸುವ ಕಡೆ ಸುಮ್ಮನೆ ಕೂತವರಿಗೂ ಕಲಿತವರಿಗೂ ಒಂದೇ ಅಂಕ. ಆದರೂ ನಿಮ್ಮ ಮಂಡಳಿ ಗಂಟೆ ಕೇಳಿದರೆ ಕೊಡಲೇಬೇಕು. ದುಡ್ಡು ಕಟ್ಟುವ ಮುಂಚೆ ಮಂಡಳಿಯ ನಿಯಮದ ಪುಟವನ್ನೇ ತೆರೆದು ನೋಡಿ. ಈ ಸಂಸ್ಥೆಗೆ ನಿಮ್ಮ ಮಂಡಳಿಯ ಮಾನ್ಯತೆ ಇದೆಯಾ? ರೆಕಾರ್ಡ್ ಮಾಡಿದ ಪಾಠಕ್ಕೆ ಮಿತಿ ಇದೆಯಾ? ಸೂಪರ್‌ವಿಷನ್ ಗಂಟೆಗಳು ಲೆಕ್ಕಕ್ಕೆ ಬರುತ್ತವಾ? "ಎಲ್ಲಾ ಕಡೆ ಮಾನ್ಯ" ಅಂತ ತರಬೇತಿ ಕೊಡುವವರು ಬರೆದಿದ್ದರೆ ಅದನ್ನು ಜಾಹೀರಾತು ಅಂತಲೇ ಓದಿಕೊಳ್ಳಿ.

ಹೆಸರಿಗಿಂತ ಮುಂಚೆ ರೂಪ

ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅನ್ನುವುದು, ಬದಲಾಗಬೇಕೋ ಬೇಡವೋ ಅಂತ ಎರಡು ಮನಸ್ಸಿನಲ್ಲಿರುವವರ ಜೊತೆ ಮಾತಾಡುವ ಒಂದು ಕ್ರಮ. ಅದನ್ನು ರೂಪಿಸಿದ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು 2004ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಈ ಕ್ರಮವನ್ನು ಯಾವ ರೀತಿ ಕಲಿಸಿದರೆ ಚೆನ್ನಾಗಿ ಹತ್ತುತ್ತದೆ ಅನ್ನುವುದು ಅವರ ಪ್ರಶ್ನೆ. ವ್ಯಸನ ಚಿಕಿತ್ಸೆಯಲ್ಲಿ ಕೆಲಸ ಮಾಡುವ 140 ಮಂದಿಯನ್ನು ಐದು ಗುಂಪು ಮಾಡಿದರು. ಒಂದಕ್ಕೆ ಎರಡು ದಿನದ ಕಾರ್ಯಾಗಾರ ಮಾತ್ರ. ಇನ್ನೊಂದಕ್ಕೆ ಕಾರ್ಯಾಗಾರದ ಜೊತೆ, ಅವರ ಸೆಷನ್ ಹೇಗೆ ನಡೆಯಿತು ಅನ್ನುವ ಲಿಖಿತ ಅಭಿಪ್ರಾಯ. ಮೂರನೆಯದಕ್ಕೆ ಕಾರ್ಯಾಗಾರ ಮತ್ತು ಫೋನಿನಲ್ಲಿ ಕೋಚಿಂಗ್. ನಾಲ್ಕನೆಯದಕ್ಕೆ ಇವೆಲ್ಲವೂ. ಐದನೆಯ ಗುಂಪಿಗೆ ಸಾಮಗ್ರಿ ಕೊಟ್ಟು ನೀವೇ ಕಲಿತುಕೊಳ್ಳಿ ಅಂದರು. ತಾವೇ ಕಲಿತವರು ಸ್ವಲ್ಪ ಮಾತ್ರ ಸುಧಾರಿಸಿದರು. ಕಾರ್ಯಾಗಾರಕ್ಕೆ ಹೋದವರು ಹೆಚ್ಚು. ಅಭಿಪ್ರಾಯ ಅಥವಾ ಕೋಚಿಂಗ್ ಸಿಕ್ಕವರು ಇನ್ನೂ ಹೆಚ್ಚು.

ಆ ಪ್ರಯೋಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. "ನನಗೆ ಇದು ಚೆನ್ನಾಗಿ ಬರುತ್ತದೆ" ಅಂತ ಕಲಿತವರು ಕೊಟ್ಟುಕೊಂಡ ಅಂಕಕ್ಕೂ, ಅವರ ಸೆಷನ್ ಕೇಳಿದವರು ಕೊಟ್ಟ ಅಂಕಕ್ಕೂ ಸಂಬಂಧವೇ ಇರಲಿಲ್ಲ. ಬರುತ್ತದೆ ಅಂದುಕೊಂಡವರಿಗೆ ಬರುತ್ತಿರಲಿಲ್ಲ ಅಂತಲ್ಲ. ಬರುತ್ತದೋ ಇಲ್ಲವೋ ಅನ್ನುವುದು ಅವರಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೆ. 2012ರ ಇನ್ನೊಂದು ಸಮೀಕ್ಷೆಯಲ್ಲಿ 129 ಚಿಕಿತ್ಸಕರನ್ನು ತಮ್ಮ ಕೌಶಲವನ್ನು ಬೇರೆಯವರ ಜೊತೆ ಹೋಲಿಸಿಕೊಳ್ಳಿ ಅಂತ ಕೇಳಿದ್ದರು. ಒಬ್ಬರೂ ತಾವು ಸರಾಸರಿಗಿಂತ ಕೆಳಗೆ ಅನ್ನಲಿಲ್ಲ. ಕಾಲು ಭಾಗ ಜನ ತಾವು ಮೇಲಿನ ಶೇ. 10ರಲ್ಲಿ ಇದ್ದೇವೆ ಅಂದರು. ಲೆಕ್ಕ ಎಲ್ಲೋ ತಪ್ಪಿದೆ ಅಂತ ಹೇಳಲು ಗಣಿತಜ್ಞರು ಬೇಕಾಗಿಲ್ಲ.

ಅನುಭವವಾದರೂ ಕೈ ಹಿಡಿಯುತ್ತದೆ ಅಂದುಕೊಂಡರೆ ಅದೂ ಅಷ್ಟಕ್ಕಷ್ಟೇ. 170 ಚಿಕಿತ್ಸಕರು, ಅವರ ಬಳಿ ಬಂದ 6,500ಕ್ಕೂ ಹೆಚ್ಚು ಜನ, ಇವರ ವರ್ಷಗಟ್ಟಲೆ ಮಾಹಿತಿ ಇಟ್ಟುಕೊಂಡು ಸೈಮನ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವರ್ಷ ಕಳೆದಂತೆ ಫಲಿತಾಂಶ ಒಟ್ಟಾರೆಯಾಗಿ ಸುಧಾರಿಸಿರಲಿಲ್ಲ. ತೀರಾ ಚಿಕ್ಕ ಪ್ರಮಾಣದಲ್ಲಿ ಇಳಿದೇ ಇತ್ತು. ಕೆಲವರು ಸುಧಾರಿಸಿದ್ದರು, ಅದೂ ನಿಜ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಮಕ್ಕಳ ಆತಂಕಕ್ಕೆ ಸಿಬಿಟಿ ಕಲಿಸುವ ಬಗ್ಗೆ ರಿನಾದ್ ಬೇಡಸ್ ಮತ್ತು ಸಂಗಡಿಗರು 115 ಚಿಕಿತ್ಸಕರ ಮೇಲೆ ನಡೆಸಿದ ಪ್ರಯೋಗ 2012ರಲ್ಲಿ ಬಂತು. ಮೂರು ಬಗೆಯ ಕಾರ್ಯಾಗಾರ ಹೋಲಿಸಿದರು, ಕಂಪ್ಯೂಟರ್ ಮೂಲಕ ಕಲಿಸಿದ್ದೂ ಸೇರಿ. ಮೂರರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಬಂದದ್ದು ಕಾರ್ಯಾಗಾರದ ನಂತರದ ಮೂರು ತಿಂಗಳಲ್ಲಿ. ಆ ಅವಧಿಯಲ್ಲಿ ಯಾರು ಪರಿಣತರ ಜೊತೆ ತಮ್ಮ ಕೆಲಸ ಚರ್ಚಿಸಲು ಜಾಸ್ತಿ ಗಂಟೆ ಬಂದರೋ ಅವರ ಕೌಶಲ ಜಾಸ್ತಿಯಾಗಿತ್ತು.

ಇದನ್ನು ತಲೆಯಲ್ಲಿಟ್ಟುಕೊಂಡು ರೂಪಗಳನ್ನು ನೋಡೋಣ. ರೆಕಾರ್ಡ್ ಮಾಡಿದ ವೆಬಿನಾರ್ ಅಗ್ಗ, ನಿಮ್ಮ ಸಮಯಕ್ಕೆ ನೋಡಬಹುದು. ಹೊಸ ಕಾನೂನು, ಔಷಧಗಳ ಪ್ರಾಥಮಿಕ ತಿಳಿವಳಿಕೆ, ಒಂದು ಕಾಯಿಲೆಯ ಪರಿಚಯ ಇಂಥದ್ದಕ್ಕೆ ಅದು ಸಾಕು. ಕೈಗೆ ಬರಬೇಕಾದ ಕೌಶಲಕ್ಕೆ ಸಾಲದು. ಈಜುವುದನ್ನು ದಡದಲ್ಲಿ ಕೂತು ನೋಡಿದ ಹಾಗೆ. ಎರಡು ದಿನದ ಕಾರ್ಯಾಗಾರ ರುಚಿ ನೋಡಲು ಒಳ್ಳೆಯದು. ಈ ಪದ್ಧತಿ ನನಗೆ ಒಗ್ಗುತ್ತದಾ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಆದರೆ ಎರಡು ದಿನವೂ ಬರೀ ಸ್ಲೈಡ್ ತೋರಿಸುವ ಕಡೆ ಹೋಗಬೇಡಿ. ಅರ್ಧ ಹೊತ್ತಾದರೂ ಜೋಡಿಯಾಗಿ ಕೂತು ಅಭ್ಯಾಸ ಮಾಡಿಸಬೇಕು.

ಆರು ತಿಂಗಳು, ಒಂದು ವರ್ಷ ನಡೆಯುವ ಕೋರ್ಸ್‌ಗಳು ದುಬಾರಿ. ಅವುಗಳಲ್ಲಿ ನಿಮ್ಮ ಸೆಷನ್ ರೆಕಾರ್ಡಿಂಗ್ ಕೇಳಿ ಅಂಕ ಕೊಡುವ ವ್ಯವಸ್ಥೆ ಇದ್ದರೆ ಮಾತ್ರ ಆ ಬೆಲೆಗೆ ಅರ್ಥ ಇದೆ. ಇಲ್ಲದಿದ್ದರೆ ಅದು ಉದ್ದನೆಯ ವೆಬಿನಾರ್. ಇನ್ನು ನಾಲ್ಕೈದು ಸಹೋದ್ಯೋಗಿಗಳು ಹದಿನೈದು ದಿನಕ್ಕೊಮ್ಮೆ ಕೂತು ಒಬ್ಬೊಬ್ಬರ ರೆಕಾರ್ಡಿಂಗ್ ಕೇಳುವ ಗುಂಪು. ಇದಕ್ಕೆ ಖರ್ಚು ಹೆಚ್ಚುಕಡಿಮೆ ಇಲ್ಲ, ಲಾಭ ಮಾತ್ರ ದೊಡ್ಡದು. ಆದರೂ ಜನ ಇದನ್ನು ಕೊನೆಗೆ ಆರಿಸುತ್ತಾರೆ. ಕಾರಣ ಸರಳ: ತನ್ನ ದನಿ ತಾನು ಕೇಳುವುದೇ ಮುಜುಗರ, ಅದನ್ನು ನಾಲ್ಕು ಜನರ ಮುಂದೆ ಕೇಳಿಸುವುದು ಇನ್ನೂ ಮುಜುಗರ. ಒಂದು ಎಚ್ಚರ ಬೇಕು. ಗುಂಪಿನಲ್ಲಿ ಆ ಪದ್ಧತಿ ಚೆನ್ನಾಗಿ ಗೊತ್ತಿರುವವರು ಒಬ್ಬರಾದರೂ ಇರಬೇಕು. ಇಲ್ಲದಿದ್ದರೆ ಎಲ್ಲರೂ ಒಬ್ಬರನ್ನೊಬ್ಬರು ಹೊಗಳಿ ಮನೆಗೆ ಹೋಗುತ್ತಾರೆ.

ಈಗ ಪದ್ಧತಿಗಳ ಸರದಿ

ಪದ್ಧತಿ ಯಾವುದೇ ಇರಲಿ, ಕ್ಲೈಂಟ್ ಜೊತೆಗಿನ ಹೊಂದಾಣಿಕೆ ಫಲಿತಾಂಶಕ್ಕೆ ಹತ್ತಿರದ ಸಂಬಂಧ ಇಟ್ಟುಕೊಂಡಿದೆ. 2018ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ 295 ಅಧ್ಯಯನಗಳನ್ನು ಒಟ್ಟುಗೂಡಿಸಿ ಇದನ್ನೇ ತೋರಿಸಿತು. ಅವುಗಳಲ್ಲಿ ಭಾಗವಹಿಸಿದವರು 30,000ಕ್ಕೂ ಹೆಚ್ಚು. ಆದ್ದರಿಂದ ಹೊಸ ಪದ್ಧತಿಯೇ ಬೇಕು ಅಂತ ಇಲ್ಲ. ಕ್ಲೈಂಟ್ ಮುನಿಸಿಕೊಂಡಾಗ, ಮಾತು ಮುರಿದಾಗ ಅದನ್ನು ಸರಿಪಡಿಸುವುದು ಹೇಗೆ ಅನ್ನುವುದರ ಮೇಲೆಯೇ ತರಬೇತಿಗಳಿವೆ. ಎರಡು ಮೂರು ಸೆಷನ್ ಆದಮೇಲೆ ಜನ ಬರುವುದು ನಿಲ್ಲಿಸುತ್ತಿದ್ದಾರೆ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಪದ್ಧತಿ ಕಲಿಯಬೇಕು ಅಂತಿದ್ದರೆ ನಿಮ್ಮ ಕಳೆದ ಕೆಲವು ತಿಂಗಳ ಕಡತ ತೆಗೆದು ನೋಡಿ. ಯಾರು ಬರುತ್ತಿದ್ದಾರೆ, ಯಾರ ವಿಷಯದಲ್ಲಿ ನೀವು ಸಿಕ್ಕಿಹಾಕಿಕೊಳ್ಳುತ್ತಿದ್ದೀರಿ? ಉತ್ತರ ಅಲ್ಲೇ ಇರುತ್ತದೆ.

ಖಿನ್ನತೆ, ಆತಂಕ ಹೆಚ್ಚು ಬರುವ ಕಡೆ ಸಿಬಿಟಿ ಗಟ್ಟಿಯಾದ ಬುನಾದಿ. ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗಾಗಿ ಶುರುಮಾಡಿದ ಈ ಪದ್ಧತಿಯ ಮೇಲೆ ನಡೆದಷ್ಟು ಸಂಶೋಧನೆ ಇನ್ನಾವುದರ ಮೇಲೂ ನಡೆದಿಲ್ಲ. ಸಿಬಿಟಿ ತರಬೇತಿಗೆ ಒಂದು ದೊಡ್ಡ ಅನುಕೂಲ ಇದೆ. ಸೆಷನ್ ಹೇಗಿತ್ತು ಅಂತ ಅಳೆಯುವ ಒಪ್ಪಿತ ಅಳತೆಗೋಲು ಇದೆ. ಕಾಗ್ನಿಟಿವ್ ಥೆರಪಿ ರೇಟಿಂಗ್ ಸ್ಕೇಲ್‌ನಲ್ಲಿ 11 ಅಂಶ, ಪ್ರತಿಯೊಂದಕ್ಕೂ 0ರಿಂದ 6 ಅಂಕ, ಒಟ್ಟು 66. ಸಾಮಾನ್ಯವಾಗಿ 40 ಬಂದರೆ ಪಾಸ್ ಅಂತ ಲೆಕ್ಕ. ಯಾವ ತರಬೇತಿ ಇದನ್ನು ಬಳಸುತ್ತದೆ, ಯಾವುದು ಬಳಸುವುದಿಲ್ಲ ಅಂತ ಕೇಳಿದರೆ ಅರ್ಧ ಹೋಲಿಕೆ ಮುಗಿದಂತೆ. "ಸಿಬಿಟಿ ನನಗೆ ಗೊತ್ತು" ಅನ್ನುವವರೂ ಒಮ್ಮೆ ತಮ್ಮ ರೆಕಾರ್ಡಿಂಗ್‌ಗೆ ಈ ಅಂಕ ಹಾಕಿಸಿ ನೋಡಬೇಕು. ಆಲೋಚನೆ ಬರೆಯುವ ಹಾಳೆ ಕೊಟ್ಟ ಮಾತ್ರಕ್ಕೆ ಅದು ಸಿಬಿಟಿ ಆಗುವುದಿಲ್ಲ.

ಡಿಬಿಟಿಯ ವಿಷಯವೇ ಬೇರೆ. ಮಾರ್ಷಾ ಲಿನೆಹನ್ ಇದನ್ನು ಮತ್ತೆ ಮತ್ತೆ ಆತ್ಮಹತ್ಯೆಗೆ ಪ್ರಯತ್ನಿಸುವವರಿಗಾಗಿ, ಬಾರ್ಡರ್‌ಲೈನ್ ವ್ಯಕ್ತಿತ್ವದ ಸಮಸ್ಯೆ (ಭಾವನೆ, ಸಂಬಂಧಗಳು ವಿಪರೀತ ಏರುಪೇರಾಗುವುದು) ಇರುವವರಿಗಾಗಿ ಕಟ್ಟಿದರು. ಅದರ ಕೈಪಿಡಿ ಬಂದದ್ದು 1993ರಲ್ಲಿ. ಪೂರ್ತಿ ಡಿಬಿಟಿ ಅಂದರೆ ನಾಲ್ಕು ಭಾಗ: ಒಬ್ಬೊಬ್ಬರ ಜೊತೆ ಥೆರಪಿ, ಕೌಶಲ ಕಲಿಸುವ ಗುಂಪು, ಸೆಷನ್‌ಗಳ ನಡುವೆ ಫೋನಿನಲ್ಲಿ ನೆರವು, ಮತ್ತು ಚಿಕಿತ್ಸಕರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ತಂಡ. ಒಂಟಿಯಾಗಿ ಕ್ಲಿನಿಕ್ ನಡೆಸುವವರಿಗೆ ಇದು ಕೈಗೆಟುಕುವುದು ಕಷ್ಟ. ಅಂಥವರು ಭಾವನೆ ನಿಭಾಯಿಸುವ, ಸಂಕಟ ತಡೆದುಕೊಳ್ಳುವ ಕೌಶಲಗಳ ಕೋರ್ಸ್ ಮಾಡಬಹುದು, ಅದು ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ಬೋರ್ಡಿನಲ್ಲಿ "ಡಿಬಿಟಿ ಚಿಕಿತ್ಸೆ ಲಭ್ಯ" ಅಂತ ಬರೆಯಬಾರದು. ನಾಲ್ಕು ಭಾಗ ಇದೆ ಅಂತ ನಂಬಿ ಬರುವ ಕ್ಲೈಂಟ್‌ಗೆ ಒಂದೇ ಭಾಗ ಸಿಗುತ್ತದೆ. ಇಲ್ಲಿ ತರಬೇತಿಯ ಆಯ್ಕೆಯೇ ನೀತಿಯ ಪ್ರಶ್ನೆಯಾಗಿಬಿಡುತ್ತದೆ.

ಆಘಾತದ ನೆನಪುಗಳಿಂದ ನರಳುವವರ ಜೊತೆ ಕೆಲಸ ಮಾಡುವವರು ಇಎಂಡಿಆರ್ ಮತ್ತು ಆಘಾತ ಕೇಂದ್ರಿತ ಸಿಬಿಟಿ ನಡುವೆ ತೂಗುತ್ತಾರೆ. ಆಘಾತದ ನಂತರ ಉಳಿದುಬಿಡುವ ಮಾನಸಿಕ ಸಮಸ್ಯೆಯಾದ ಪಿಟಿಎಸ್‌ಡಿಗೆ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಎರಡನ್ನೂ ಶಿಫಾರಸು ಮಾಡಿದೆ. ಫ್ರಾನ್ಸಿನ್ ಶಪೀರೊ ಇಎಂಡಿಆರ್ ಬಗ್ಗೆ ಮೊದಲ ಲೇಖನ ಪ್ರಕಟಿಸಿದ್ದು 1989ರಲ್ಲಿ. ಕಣ್ಣು ಆಡಿಸುವುದರಿಂದಲೇ ಗುಣವಾಗುತ್ತದಾ, ಅಥವಾ ನೆನಪನ್ನು ಎದುರಿಸುವುದರಿಂದಲಾ ಅನ್ನುವ ಜಗಳ ಆಗಿನಿಂದ ನಡೆದೇ ಇದೆ. ಆ ಜಗಳ ಏನೇ ಇರಲಿ, ಇಎಂಡಿಆರ್ ತರಬೇತಿಯ ಚೌಕಟ್ಟು ಅಚ್ಚುಕಟ್ಟಾಗಿದೆ. ಅವರ ಅಂತಾರಾಷ್ಟ್ರೀಯ ಸಂಘ ಮಾನ್ಯ ಮಾಡುವ ಮೂಲ ತರಬೇತಿಯಲ್ಲಿ 20 ಗಂಟೆ ಪಾಠ, 20 ಗಂಟೆ ಅಭ್ಯಾಸ, ಪರಿಣತರ ಜೊತೆ ತಮ್ಮ ಕೆಲಸದ ಬಗ್ಗೆ 10 ಗಂಟೆ ಚರ್ಚೆ ಇರಬೇಕು. ಕೊನೆಯ 10 ಗಂಟೆಯೇ ಇದರ ಜೀವ. ಸುಮ್ನೆ ವಾರಾಂತ್ಯದಲ್ಲಿ ಇಎಂಡಿಆರ್ ಕಲಿಸುತ್ತೇವೆ ಅನ್ನುವ ಕೋರ್ಸ್ ಕಂಡರೆ ಆ 10 ಗಂಟೆ ಎಲ್ಲಿ ಅಂತ ಕೇಳಿ. ಆಘಾತದ ನೆನಪನ್ನು ಅರೆಬರೆ ಕೆದಕಿ ಬಿಡುವುದು ಕ್ಲೈಂಟ್‌ಗೆ ಅಪಾಯ. ಸಿಬಿಟಿ ಆಗಲೇ ಚೆನ್ನಾಗಿ ಬರುವವರಿಗೆ ಆಘಾತ ಕೇಂದ್ರಿತ ಸಿಬಿಟಿ ಕಡಿಮೆ ಖರ್ಚಿನ ದಾರಿ. ಇದ್ದ ಕೌಶಲದ ಮೇಲೆ ಇನ್ನೊಂದು ಪದರ ಹಾಕಿದಂತೆ.

ನೋವಿನ ಯೋಚನೆಗಳ ಜೊತೆ ಗುದ್ದಾಡದೆ, ಅವನ್ನು ಒಪ್ಪಿಕೊಂಡು ತಮಗೆ ಮುಖ್ಯವಾದದ್ದನ್ನು ಮಾಡಲು ಕಲಿಸುವ ಎಸಿಟಿ ಬಗ್ಗೆ ಒಂದೇ ಮಾತು. ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರ ಈ ಪದ್ಧತಿಯನ್ನು ಬೆಳೆಸುವ ಸಂಘ ಎಸಿಬಿಎಸ್, ಚಿಕಿತ್ಸಕರಿಗೆ ಪ್ರಮಾಣಪತ್ರ ಕೊಡುವುದಿಲ್ಲ ಅಂತ ಬೇಕೆಂದೇ ತೀರ್ಮಾನ ಮಾಡಿದೆ. ಆದ್ದರಿಂದ "ಸರ್ಟಿಫೈಡ್ ಎಸಿಟಿ ಥೆರಪಿಸ್ಟ್" ಅನ್ನುವ ಬಿರುದು ಮಾರುವವರು ಅದನ್ನು ತಮ್ಮ ಹೆಸರಿನಲ್ಲಿ ಮಾರುತ್ತಿದ್ದಾರೆ. ಕೋರ್ಸ್ ಒಳ್ಳೆಯದೇ ಇರಬಹುದು, ಬಿರುದಿಗೆ ಹೆಚ್ಚು ಕೊಡಬೇಡಿ. ದೀರ್ಘಕಾಲದ ನೋವು, ಬದಲಾಯಿಸಲಾಗದ ಪರಿಸ್ಥಿತಿಗಳ ಜೊತೆ ಬದುಕುವವರು ನಿಮ್ಮಲ್ಲಿ ಹೆಚ್ಚು ಬರುತ್ತಿದ್ದರೆ ಈ ಪದ್ಧತಿ ಕಲಿಯಲು ಯೋಗ್ಯ.

ದಂಪತಿಗಳ ಜೊತೆ ಕೆಲಸ ಮಾಡುವವರಿಗೆ ಸ್ಯೂ ಜಾನ್ಸನ್ ಬೆಳೆಸಿದ ಭಾವಕೇಂದ್ರಿತ ಥೆರಪಿ, ಅಥವಾ ಗಾಟ್‌ಮನ್ ಪದ್ಧತಿ. ಮೊದಲನೆಯದು ಎಕ್ಸ್‌ಟರ್ನ್‌ಶಿಪ್ ಅನ್ನುವ ನಾಲ್ಕು ದಿನದ ಆರಂಭಿಕ ತರಬೇತಿಯಿಂದ ಶುರು, ಎರಡನೆಯದು ಮೂರು ಹಂತ. ಭಾವನೆಗಳ ಜೊತೆ ನೇರ ಕೂರುವುದು ನಿಮಗೆ ಒಗ್ಗುವುದಾದರೆ ಮೊದಲನೆಯದು. ಪ್ರಶ್ನಾವಳಿ, ಅಭ್ಯಾಸಗಳಿರುವ ಚೌಕಟ್ಟು ಬೇಕಿದ್ದರೆ ಎರಡನೆಯದು. ಮೊದಲನೆಯದನ್ನು ಇಎಫ್‌ಟಿ ಅನ್ನುತ್ತಾರೆ. ಮೈಮೇಲೆ ಬೆರಳಿನಿಂದ ತಟ್ಟುವ ಇನ್ನೊಂದು ವಿಧಾನಕ್ಕೂ ಅದೇ ಮೂರಕ್ಷರ. ದುಡ್ಡು ಕಟ್ಟುವಾಗ ಪೂರ್ತಿ ಹೆಸರು ಓದಿ.

ಮನಸ್ಸಿನ ಒಳಗಿನ "ಭಾಗಗಳ" ಜೊತೆ ಮಾತಾಡುವ ಐಎಫ್‌ಎಸ್‌ಗೆ ಈಗ ಬೇಡಿಕೆ ವಿಪರೀತ. ರಿಚರ್ಡ್ ಶ್ವಾರ್ಟ್ಜ್ 1980ರ ದಶಕದಲ್ಲಿ ಇದನ್ನು ಆರಂಭಿಸಿದರು. ಬೇಡಿಕೆಗೆ ಹೋಲಿಸಿದರೆ ಸಂಶೋಧನೆ ಇನ್ನೂ ತೆಳುವಾಗಿದೆ. ಇದನ್ನೇ ಮೊದಲ ಪದ್ಧತಿಯಾಗಿ ಕಲಿಯಲು ನಾನು ಹೇಳುವುದಿಲ್ಲ. ಬುನಾದಿ ಗಟ್ಟಿ ಇರುವವರು ಎರಡನೆಯದಾಗಿ ತೆಗೆದುಕೊಳ್ಳಬಹುದು.

ನೀತಿಯ ಕೋರ್ಸ್: ಬೇಗ ಮುಗಿಸುವುದಾ, ಕೂತು ಚರ್ಚಿಸುವುದಾ?

ನೀತಿಯ ಗಂಟೆಗಳನ್ನು ಜನ ಆರಿಸುವುದು ಬೆಲೆ ನೋಡಿ. ಇದರಲ್ಲಿ ನನಗೆ ತಕರಾರು ಇದೆ. ಯಾಕೆಂದರೆ ಮಂಡಳಿಯ ಮುಂದೆ ದೂರು ಬಂದಾಗ ಅಲ್ಲಿ ಕೇಳುವುದು ನೀವು ಯಾವ ಥೆರಪಿ ಕಲಿತಿದ್ದೀರಿ ಅಂತಲ್ಲ. ಒಪ್ಪಿಗೆ ಹೇಗೆ ಪಡೆದಿರಿ, ಏನು ಬರೆದಿಟ್ಟಿರಿ, ಯಾರನ್ನು ಕೇಳಿದಿರಿ, ಇಷ್ಟು.

ಈ ಕೋರ್ಸ್‌ಗಳು ಹೆಚ್ಚುಕಡಿಮೆ ಎರಡು ಬಗೆ. ಮೊದಲನೆಯದು ನಿಯಮ ಓದಿಸುವ ಬಗೆ. ಅಮೆರಿಕದ ಕೌನ್ಸೆಲರ್‌ಗಳ ಸಂಘ ಎಸಿಎಯ 2014ರ ಸಂಹಿತೆ ಏನು ಹೇಳುತ್ತದೆ, ಮನಶ್ಶಾಸ್ತ್ರಜ್ಞರ ಸಂಘ ಎಪಿಎಯ 2002ರ ಸಂಹಿತೆಗೆ 2010 ಮತ್ತು 2017ರಲ್ಲಿ ಏನು ತಿದ್ದುಪಡಿ ಬಂತು, ಈ ರೀತಿ. ಇದು ಬೇಕು. ಸಂಹಿತೆಗಳು ಒಂದೇ ರೀತಿ ಇಲ್ಲ. ಹಿಂದಿನ ಕ್ಲೈಂಟ್ ಜೊತೆ ಪ್ರೇಮ ಅಥವಾ ಲೈಂಗಿಕ ಸಂಬಂಧವನ್ನು ಎಸಿಎ 5 ವರ್ಷದ ತನಕ ನಿಷೇಧಿಸುತ್ತದೆ. ಎಪಿಎ ಹೇಳುವ ಅವಧಿ 2 ವರ್ಷ, ಆಮೇಲೂ ತೀರಾ ಅಪರೂಪದ ಸಂದರ್ಭ ಬಿಟ್ಟರೆ ಬೇಡ ಅನ್ನುತ್ತದೆ. ಎರಡು ಸಂಘಗಳಲ್ಲಿ ಸದಸ್ಯರಾಗಿರುವವರಿಗೆ ಇಂಥದ್ದು ಗೊತ್ತಿರಲೇಬೇಕು. ಇದನ್ನು ವೆಬಿನಾರ್‌ನಲ್ಲಿ ಕಲಿಯಬಹುದು, ತೊಂದರೆ ಇಲ್ಲ.

ಎರಡನೆಯದು ಪ್ರಕರಣ ಇಟ್ಟುಕೊಂಡು ಗುಂಪಿನಲ್ಲಿ ಚರ್ಚಿಸುವ ಬಗೆ. ನಿಯಮ ಸ್ಪಷ್ಟವಾಗಿ ಹೇಳುವ ಕಡೆ ಯಾರೂ ತಡವರಿಸುವುದಿಲ್ಲ. ತಡವರಿಸುವುದು ಎರಡು ನಿಯಮ ಎದುರುಬದುರಾದಾಗ. ಹದಿನಾರರ ಹುಡುಗಿ ಕೈ ಕುಯ್ದುಕೊಳ್ಳುತ್ತಿದ್ದಾಳೆ, ಅಮ್ಮನಿಗೆ ಹೇಳಬೇಡಿ ಅನ್ನುತ್ತಾಳೆ. ಗಾಯ ಆಳವಿಲ್ಲ, ಸಾಯುವ ಯೋಚನೆ ಇಲ್ಲ ಅನ್ನುತ್ತಾಳೆ. ಅಮ್ಮ ಹೊರಗೆ ಕೂತಿದ್ದಾರೆ. ಹುಡುಗಿಯ ನಂಬಿಕೆ ಉಳಿಸಿಕೊಳ್ಳಬೇಕಾ, ಅಪಾಯ ತಡೆಯಬೇಕಾ? ಕ್ಯಾರನ್ ಕಿಚನರ್ 1984ರಲ್ಲಿ ಆಪ್ತಸಮಾಲೋಚನೆಗೆ ಅನ್ವಯಿಸಿ ಕೊಟ್ಟ ಐದು ತತ್ವಗಳು ಇಲ್ಲಿ ಕೆಲಸಕ್ಕೆ ಬರುತ್ತವೆ: ಅವರ ನಿರ್ಧಾರ ಅವರದು, ಒಳ್ಳೆಯದು ಮಾಡು, ಕೆಟ್ಟದ್ದು ಮಾಡಬೇಡ, ನ್ಯಾಯ, ಕೊಟ್ಟ ಮಾತು ಉಳಿಸು. ಕ್ವಿಜ್‌ನಲ್ಲಿ ಈ ಐದನ್ನು ಹೊಂದಿಸಿ ಬರೆಯುವುದು ಸುಲಭ. ಆ ಹುಡುಗಿಯ ಮುಂದೆ ಕೂತು, ಅಮ್ಮನಿಗೆ ಏನು ಹೇಳುವುದು, ಯಾವ ಮಾತಿನಲ್ಲಿ ಹೇಳುವುದು, ಹುಡುಗಿಯೇ ಹೇಳುವಂತೆ ಮಾಡಬಹುದಾ ಅಂತ ಯೋಚಿಸುವುದು ಕಷ್ಟ. ಆ ಅಭ್ಯಾಸ ಗುಂಪಿನಲ್ಲೇ ಆಗಬೇಕು. ಬೇರೆಯವರು ಏನನ್ನು ಗಮನಿಸಿದರು, ನಾನು ಏನನ್ನು ಬಿಟ್ಟೆ ಅನ್ನುವುದು ಆಗಲೇ ಕಾಣುವುದು.

ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್‌ನ 1976ರ ಟರಾಸಾಫ್ ತೀರ್ಪನ್ನು ಎಲ್ಲಾ ನೀತಿ ಕೋರ್ಸ್‌ಗಳೂ ಹೇಳುತ್ತವೆ. ಕ್ಲೈಂಟ್‌ನಿಂದ ಇನ್ನೊಬ್ಬರಿಗೆ ಗಂಭೀರ ಅಪಾಯ ಇದ್ದರೆ ಅವರನ್ನು ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳುವ ಹೊಣೆ ಚಿಕಿತ್ಸಕರದು ಅನ್ನುವುದು ಅದರ ಸಾರ. ಆದರೆ ಅದು ಅಲ್ಲಿನ ಕಾನೂನು. ಬೇರೆ ಕಡೆ ಕೆಲಸ ಮಾಡುವವರು ಆ ಕೋರ್ಸ್ ಮುಗಿಸಿ, ತಮ್ಮ ಊರಿನಲ್ಲೂ ಹಾಗೇ ಅಂದುಕೊಂಡರೆ ತೊಂದರೆ. ಅಂತಾರಾಷ್ಟ್ರೀಯ ಆನ್‌ಲೈನ್ ಕೋರ್ಸ್ ತೆಗೆದುಕೊಳ್ಳುವಾಗ ಇದೊಂದು ಮುಖ್ಯ ಕೊರತೆ. ನೀತಿಯ ತತ್ವ ಎಲ್ಲಿಂದಲಾದರೂ ಕಲಿಯಬಹುದು, ಕಾನೂನನ್ನು ಮಾತ್ರ ನೀವು ಕೆಲಸ ಮಾಡುವ ಜಾಗದ ಪರಿಣತರಿಂದಲೇ ಕಲಿಯಬೇಕು.

ಈಗ ಕೋರ್ಸ್ ಆರಿಸುವಾಗ ಇನ್ನೊಂದು ವಿಷಯ ನೋಡಿ. ಆನ್‌ಲೈನ್ ಸೆಷನ್ ಬಗ್ಗೆ, ಸೆಷನ್ ಕೇಳಿಸಿಕೊಂಡು ಟಿಪ್ಪಣಿ ಬರೆಯುವ ಎಐ ಸಾಧನಗಳ ಬಗ್ಗೆ ಅದರಲ್ಲಿ ಏನಾದರೂ ಇದೆಯಾ? ಕ್ಲೈಂಟ್ ಬೇರೆ ದೇಶಕ್ಕೆ ಹೋಗಿ ಅಲ್ಲಿಂದ ವಿಡಿಯೊ ಕರೆಯಲ್ಲಿ ಮುಂದುವರಿಸೋಣ ಅಂದರೆ ಯಾವ ಜಾಗದ ಲೈಸೆನ್ಸ್ ಬೇಕು? ಎಐ ಸಾಧನಕ್ಕೆ ಹೋದ ಮಾತು ಎಲ್ಲಿ ಉಳಿಯುತ್ತದೆ, ಅದನ್ನು ಬೇರೆ ಕೆಲಸಕ್ಕೆ ಬಳಸುತ್ತಾರಾ, ಕ್ಲೈಂಟ್ ಬೇಡ ಅಂದರೆ ಏನು? ಇವು ಈಗ ದಿನವೂ ಎದುರಾಗುವ ಪ್ರಶ್ನೆಗಳು. ಇವುಗಳ ಸುದ್ದಿಯೇ ಇಲ್ಲದ ಹಳೆಯ ಕೋರ್ಸ್ ಅಗ್ಗವಾಗಿ ಸಿಕ್ಕರೂ ಬೇಡ.

ದೂರ ಇಡಬೇಕಾದವು

1980ರ ದಶಕದಲ್ಲಿ ಅಪಘಾತ, ದುರಂತ ಕಂಡವರನ್ನು ಕೆಲವೇ ದಿನಗಳ ಒಳಗೆ ಕೂರಿಸಿ, ನಡೆದದ್ದನ್ನೆಲ್ಲ ಹೇಳಿಸುವ ಡಿಬ್ರೀಫಿಂಗ್ ಪದ್ಧತಿ ಜನಪ್ರಿಯವಾಯಿತು. ಬಹಳಷ್ಟು ಕಡೆ ಅದರ ತರಬೇತಿ ನಡೆಯಿತು. ಆಮೇಲೆ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ, ಒಂದೇ ಸೆಷನ್‌ನ ಡಿಬ್ರೀಫಿಂಗ್ ಪಿಟಿಎಸ್‌ಡಿ ತಡೆಯುವುದಿಲ್ಲ, ಕೆಲವರಿಗೆ ಹಾನಿಯೂ ಮಾಡಬಹುದು ಅಂತ ಕಂಡಿತು. ಬ್ರಿಟನ್‌ನ ನೈಸ್ ಸಂಸ್ಥೆ 2005ರ ಮಾರ್ಗಸೂಚಿಯಲ್ಲಿ ಅದನ್ನು ವಾಡಿಕೆಯಾಗಿ ಕೊಡಬಾರದು ಅಂದಿತು. ಆ ತರಬೇತಿ ಕೊಟ್ಟವರು, ಪಡೆದವರು ಎಲ್ಲರ ಉದ್ದೇಶವೂ ಒಳ್ಳೆಯದೇ ಇತ್ತು. ಅಷ್ಟು ಸಾಲದು.

ಹಾಗಾಗಿ ಕರಪತ್ರದಲ್ಲಿ ಕೆಲವು ಗುರುತು ಕಂಡರೆ ಹುಷಾರು. ಎಲ್ಲಾ ಸಮಸ್ಯೆಗೂ ಒಂದೇ ಪದ್ಧತಿ ಅನ್ನುವುದು. ಮೆದುಳಿನ ಚಿತ್ರ ಜಾಸ್ತಿ, ಹೋಲಿಕೆಯ ಪ್ರಯೋಗ ಒಂದೂ ಇಲ್ಲದಿರುವುದು. ಎರಡೇ ದಿನಕ್ಕೆ "ಸರ್ಟಿಫೈಡ್ ತಜ್ಞ" ಬಿರುದು. ಒಂದು ಹಂತ ಮುಗಿದ ತಕ್ಷಣ ಇನ್ನೊಂದು ಹಂತ, ಅದಕ್ಕೊಂದು ಶುಲ್ಕ, ಕೊನೆಗೆ ನೀವೇ ತರಬೇತುದಾರರಾಗಿ ಅನ್ನುವ ಆಹ್ವಾನ. ಅಭ್ಯಾಸದ ಹೆಸರಿನಲ್ಲಿ ನಿಮ್ಮ ಸ್ವಂತ ಆಘಾತವನ್ನು ಎಲ್ಲರ ಮುಂದೆ ಬಿಚ್ಚಿಡಲೇಬೇಕು ಅಂತ ಒತ್ತಾಯ ಮಾಡುವ ಕಡೆಯಿಂದಂತೂ ಎದ್ದು ಬನ್ನಿ.

ಯಾರಿಗೆ ಯಾವುದು

ಈಗಷ್ಟೇ ಕೆಲಸ ಶುರುಮಾಡಿದವರು ಒಂದೇ ಪದ್ಧತಿ ಹಿಡಿದು, ಅಂಕ ಹಾಕಿ ತಿದ್ದುವ ಕೋರ್ಸ್‌ಗೆ ಹಣ ಹಾಕಿ. ವರ್ಷಕ್ಕೆ ಐದು ಪದ್ಧತಿಯ ಪರಿಚಯಕ್ಕಿಂತ ಒಂದರಲ್ಲಿ ಕೈ ಪಳಗುವುದು ಒಳ್ಳೆಯದು. ಹತ್ತು ಹದಿನೈದು ವರ್ಷ ಆದವರಿಗೆ ನನ್ನ ಸಲಹೆ ಬೇರೆ. ಹೊಸ ಪದ್ಧತಿಯ ಬದಲು ನಿಮ್ಮ ಈಗಿನ ಕೆಲಸವನ್ನೇ ಅಳೆಯಿರಿ. ಖಿನ್ನತೆಯ ಪಿಎಚ್‌ಕ್ಯೂ-9 ಒಂಬತ್ತೇ ಪ್ರಶ್ನೆ, ಅಂಕ 0ರಿಂದ 27. ಪ್ರತಿ ಸೆಷನ್‌ಗೆ ಮುಂಚೆ ತುಂಬಿಸಿಕೊಂಡು ಕೆಲವು ತಿಂಗಳು ಇಟ್ಟರೆ, ಯಾರು ಸುಧಾರಿಸುತ್ತಿಲ್ಲ ಅಂತ ಕಾಣುತ್ತದೆ. ಆ ಕ್ಲೈಂಟ್‌ಗಳನ್ನೇ ಸೂಪರ್‌ವಿಷನ್‌ಗೆ ತೆಗೆದುಕೊಂಡು ಹೋಗಿ.

ಹಣ ಕಡಿಮೆ ಇರುವವರು ನಿಯಮದ ಗಂಟೆಗಳನ್ನು ಅಗ್ಗದ ವೆಬಿನಾರ್‌ನಲ್ಲಿ ಮುಗಿಸಿ, ಉಳಿದ ದುಡ್ಡನ್ನು ಒಬ್ಬ ಒಳ್ಳೆಯ ಸೂಪರ್‌ವೈಸರ್‌ಗೆ ಕೊಡಿ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಲಾಭದ ಹಂಚಿಕೆ. ಒಂಟಿಯಾಗಿ ಕೆಲಸ ಮಾಡುವವರು ನೀತಿಯ ಗುಂಪನ್ನು ಬಿಡಬೇಡಿ. ಸಂಸ್ಥೆಯಲ್ಲಿದ್ದರೆ ಪಕ್ಕದ ಕೋಣೆಯಲ್ಲಿ ಕೇಳಲು ಯಾರಾದರೂ ಇರುತ್ತಾರೆ, ನಿಮಗೆ ಇರುವುದಿಲ್ಲ.

ಇಷ್ಟೆಲ್ಲ ರೆಕಾರ್ಡಿಂಗ್ ಅನ್ನುತ್ತಿದ್ದೇನೆ, ಆದ್ದರಿಂದ ಅದರ ಒಪ್ಪಿಗೆಯ ವಿಷಯವನ್ನೂ ಹೇಳಲೇಬೇಕು. ಕೋರ್ಸ್‌ಗೆ ಸೇರುವ ಮುಂಚೆಯೇ ತರಬೇತಿ ಕೊಡುವವರನ್ನು ಕೇಳಿ: ರೆಕಾರ್ಡಿಂಗ್ ಯಾರು ಕೇಳುತ್ತಾರೆ, ಎಲ್ಲಿ ಇಡುತ್ತಾರೆ, ಯಾವಾಗ ಅಳಿಸುತ್ತಾರೆ. ಉತ್ತರ ಬರಹದಲ್ಲಿ ಬರಲಿ. ಅದೇ ಮಾತನ್ನು ಸರಳ ಭಾಷೆಯಲ್ಲಿ ಬರೆದು ಕ್ಲೈಂಟ್ ಮುಂದೆ ಇಡಿ. ಬೇಡ ಅಂದರೂ ಅವರ ಚಿಕಿತ್ಸೆ ಹಾಗೇ ನಡೆಯುತ್ತದೆ, ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಪಡೆಯಬಹುದು ಅಂತ ಅದರಲ್ಲಿ ಇರಲೇಬೇಕು. ಮೊದಲ ಸೆಷನ್‌ನಲ್ಲೇ ಕೇಳಬೇಡಿ. ಆಗ ಬೇಡ ಅನ್ನುವ ಧೈರ್ಯ ಹೆಚ್ಚಿನವರಿಗೆ ಇರುವುದಿಲ್ಲ. ಅಳಿಸುವ ದಿನಾಂಕದ ಬಗ್ಗೆ ನೇರ ಉತ್ತರ ಕೊಡದ ಸಂಸ್ಥೆ ಇದ್ದರೆ, ಅವರು ಕಲಿಸುವ ಪದ್ಧತಿ ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯಿಂದ ತೆಗೆದುಬಿಡಿ.